ಕಾಳವ್ವನ ಉಡಿ

ಲಾರಿ ಬಿಡುವ ಹೊಗೆ ಲಾರಿಯೊಳಗೆ ಕುಂತವನಿಗೆ ಹತ್ತುವುದಿಲ್ಲ, ಹಿಂದೆ ನಿಂತವರಿಗೆ ಹತ್ತುತ್ತದೆ. ಇದನ್ನು ತಿಳಿಯಲು ಸಾಲಿ ಕಲಿಯಬೇಕಾಗಿಲ್ಲ. ಆದರೂ ಇಳಕಲ್ಲಿನ ನೀಲಪ್ಪನಿಗೆ ಇದು ತಿಳಿಯುವಷ್ಟರಲ್ಲಿ ದಸರೆ ಹೋಗಿ ಯುಗಾದಿ ಬಂದಿತ್ತು. (ನಮಗೆ ನಿಮಗೆ ಇನ್ನೂ ತಿಳಿದಿಲ್ಲ. ಆ ಮಾತು ಕಡೆಗೆ.)

ಬಾಗಲಕೋಟೆಯ ಹಳೇ ಊರಿಗೆ ಅಣೆಕಟ್ಟಿನ ಹಿನ್ನೀರು ಏರಿ ಬಂದು, ಮಂದಿಯೆಲ್ಲ ನವನಗರದಲ್ಲಿ ಮನೆ ಕಟ್ಟುತ್ತಿದ್ದ ಕಾಲ. ನೀಲಪ್ಪನ ಹಳೇ ಲಾರಿ ಇಳಕಲ್ಲಿನ ಕೆಂಪು ಕಲ್ಲು ಹೊತ್ತು, ಹುನಗುಂದ ದಾಟಿ ಅಲ್ಲಿಗೆ ಹೋಗುತ್ತಿತ್ತು. "ಹೋಗುತ್ತಿತ್ತು" ಅಂದರೆ ನೀಲಪ್ಪನಿಗೆ ಸಿಟ್ಟು. "ಹೋಗ್ತಿದ್ದಳು" ಅನ್ನಬೇಕು. ಅದಕ್ಕೆ ತೀರಿಹೋದ ತಾಯಿಯ ಹೆಸರಿಟ್ಟಿದ್ದ: ಕಾಳವ್ವ. ಇಂಜಿನ್ ಗುಡುಗಿದರೆ ಅವನ ಮೈಮೇಲೆ ಮುಳ್ಳು ಏಳುತ್ತಿದ್ದವು. ಗುಡ್ಡದಷ್ಟು ಕಲ್ಲು ಬೆನ್ನ ಮೇಲೆ ಹೇರಿದರೂ ಇಲ್ಲ ಅನ್ನದೆ ನಡೆಯುವ ಮಹಾಮಾತೆಯನ್ನು ಮನೆ ಬಾಗಿಲಲ್ಲಿ ನಿಲ್ಲಿಸಿ, ಕೈ ಮುಗಿದೇ ಚಹಾ ಕುಡಿಯುವವನು.

ಮಹಾಮಾತೆಯ ಹಿಂಭಾಗ ನೆಟ್ಟಗೆ ಪಡಸಾಲೆಯ ಕಿಡಕಿಗೆ ಬರುತ್ತಿತ್ತು. ಕಿಡಕಿಯ ಒಳಗೆ ಮಗ್ಗ. ಮಗ್ಗದಲ್ಲಿ ಹೆಂಡತಿ ಗುರುಲಿಂಗವ್ವ. ಅಣ್ಣನ ಮಗಳ ಮದುವೆಗೆಂದು ಹಾಲುಬಣ್ಣದ ಹಾಸು ಹೂಡಿ ಸೀರೆ ನೇಯುತ್ತಿದ್ದಳು. ಆ ಮದುವೆಗೆ ನಾದಿನಿ ಸೋಮವ್ವನನ್ನು ಮಾತ್ರ ಕರೆಯುವುದಿಲ್ಲವೆಂದು ಪಣ ತೊಟ್ಟಿದ್ದಳು. ದಸರೆಗೆ ಹುನಗುಂದದಿಂದ ಸೋಮವ್ವ ಬಂದು ಹೋದ ಮೇಲೆ ಗುರುಲಿಂಗವ್ವ ಕುಪ್ಪಸಕ್ಕೆಂದು ಪೆಟ್ಟಿಗೆಯಲ್ಲಿ ಇಟ್ಟಿದ್ದ ಹಸಿರು ಗುಳೇದಗುಡ್ಡ ಖಣ ಮಾಯವಾಗಿತ್ತು. "ಆಕಿನ ಒಯ್ದಾಳ" ಅಂದಾಗ ನೀಲಪ್ಪ ಸ್ವಂತ ತಂಗಿಯ ಪರವಾಗಿ ಚಕಾರ ಎತ್ತಿರಲಿಲ್ಲ.

ಆ ದಸರೆಯಿಂದಲೇ ಕಾಳವ್ವನಿಗೂ ಜಡ್ಡು. ಚಾಲೂ ಮಾಡಿದರೆ ಕರೀ ಹೊಗೆ, ಏರು ಬಂದರೆ ಏದುಸಿರು. ಬಾದಾಮಿ ರಸ್ತೆಯ ಏರಿನಲ್ಲಿ ಎಮ್ಮೆಗಳು ಆಕೆಯನ್ನು ಹಿಂದೆ ಹಾಕಿ, ಹೊರಳಿ ನೋಡಿ ಹೋಗಿದ್ದವು.

"ಅತ್ತಿ ಬದುಕಿದ್ದಾಗ ಬೈಗುಳಷ್ಟ ಬಿಡತಿದ್ದರು. ಈಗ ಕಿಡಕ್ಯಾಗ ನಿಂತು ಹೊಗಿ ಬಿಡಾಕತ್ತಾರ," ಅಂದಳು ಗುರುಲಿಂಗವ್ವ. "ಈ ಹಾಸಿನ ಮ್ಯಾಲೆ ಒಂದು ಕರಿ ಕಲಿ ಬೀಳಲಿ. ಆಮ್ಯಾಲೆ ಈ ಮನ್ಯಾಗ ಅಕಿ ಇರಬೇಕು, ಇಲ್ಲಾ ನಾ ಇರಬೇಕು."

ನೀಲಪ್ಪ ಒಮ್ಮೆ ಲಾರಿಯ ಕಡೆ, ಒಮ್ಮೆ ಹೆಂಡತಿಯ ಕಡೆ ನೋಡಿದ.

"ವಿಚಾರ ಮಾಡಾಕತ್ತೀರೇನು?"

ಇಲ್ಲ ಅಂದು ಅವನು ಹೊರಗೆ ಓಡಿದ. ನಿಂಬೆಹಣ್ಣು, ಮೆಣಸಿನಕಾಯಿ, ಹರಿದ ಚಪ್ಪಲಿ ಎಲ್ಲ ಕಟ್ಟಿದ. ದೃಷ್ಟಿ ಹೋಯಿತೋ ಏನೋ, ಹೊಗೆ ಹೋಗಲಿಲ್ಲ. ಕೊನೆಗೆ ಒಂದು ದಿವ್ಯ ಉಪಾಯ ಹೊಳೆದು, ಸೈಲೆನ್ಸರಿನ ಬಾಯನ್ನೇ ಎದುರು ಮನೆಯ ಕಡೆ ತಿರುಗಿಸಿದ. (ನಮ್ಮ ನಾಡಿನಲ್ಲಿ ಹೊಗೆಗೆ ಕಂಡುಹಿಡಿದ ಪರಿಹಾರ ಇವತ್ತಿಗೂ ಇದೊಂದೇ.) ಮರುದಿನ ಎದುರು ಮನೆಯ ದಸ್ತಗೀರಬಿ ಒಂದು ತಾಟು ಸಂಡಿಗೆ ತಂದು ಅವನ ಮುಂದೆ ಇಟ್ಟಳು.

"ಎಳ್ಳು ಭಾಳ ಹಾಕೀಯಲ್ಲ ಅಕ್ಕಾ," ಅಂದ ನೀಲಪ್ಪ.

"ನಾ ಹಾಕಿಲ್ಲಪಾ. ನಿನ್ನ ಕಾಳವ್ವ ಹಾಕ್ಯಾಳ. ತಿನ್ನು."

ಸೈಲೆನ್ಸರು ಮತ್ತೆ ಕಿಡಕಿಗೆ ತಿರುಗಿತು. ಮಿಸ್ತ್ರಿ ಜಾಫರಸಾಬ ಬಂದ. ಇಬ್ಬರೂ ಒಂದೇ ಓಣಿಯಲ್ಲಿ ಗೋಲಿ ಆಡಿದವರು.

"ಇದಕ್ಕ ಉಸಿರು ಕಟ್ಟೇತಿ. ಆ ಗಾಳಿ ಎಳಕೊಳ್ಳೋ ಡಬ್ಬಿ ಬಿಚ್ಚಿ ನೋಡೂಣು."

"ಅದೊಂದು ಬಿಟ್ಟು ಏನ ಬೇಕಾದ್ದು ಬಿಚ್ಚು."

"ಯಾಕಲೇ?"

"ಬ್ಯಾಡಂದ್ರ ಬ್ಯಾಡ."

"ಮೂಗು ಬಿಟ್ಟು ನೆಗಡಿಗೆ ಔಷಧ ಕೊಡು ಅಂತೀಯಲ್ಲೋ," ಅಂದು ಜಾಫರಸಾಬ ನಾಜಲ್ ತೊಳೆದ, ಪಂಪು ಬಿಚ್ಚಿದ, ಸೈಲೆನ್ಸರ್ ಬದಲಿಸಿದ. ಹೊಗೆ ಹೊಸ ಸೈಲೆನ್ಸರಿನಿಂದ ರಾಜಗಾಂಭೀರ್ಯದಲ್ಲಿ ಬಂತು.

ಯುಗಾದಿ ಹತ್ತಿರ ಬಂದಾಗ, ಒಂದು ಮುಂಜಾನೆ, ಮಸಿಯ ಒಂದು ಹನಿ ಹಾರಿ ಬಂದು ಹಾಲುಬಣ್ಣದ ಹಾಸಿನ ಮೇಲೆ ಕುಂತಿತು. ಗುರುಲಿಂಗವ್ವ ಒದರಲಿಲ್ಲ. ಮಗ್ಗದಿಂದ ಎದ್ದು ಹೊರಗೆ ಬಂದಳು. ಬಾಗಿಲಲ್ಲಿ ನೀಲಪ್ಪನ ಜೊತೆ ಜಾಫರಸಾಬ ಲಾರಿ ನೋಡುತ್ತ ನಿಂತಿದ್ದ.

"ಸಾಬಣ್ಣಾ, ನೀ ಮ್ಯಾಲೆ ಹತ್ತು, ಚಾಲೂ ಮಾಡು. ಇವರು ಇವತ್ತ ಹಿಂದ ನಿಲ್ತಾರ."

ಇಷ್ಟು ವರ್ಷ ಆ ಲಾರಿಯನ್ನು ಮುಂದಿನಿಂದ ಪೂಜಿಸಿದವನು ಮೊದಲ ಸಲ ಹಿಂದೆ ನಿಂತ. ಜಾಫರಸಾಬ ಒತ್ತಿದ. ಹಗಲು ಆರಿಹೋಯಿತು. ಕಿಡಕಿ, ಹೆಂಡತಿ, ಓಣಿ, ಸೂರ್ಯನಾರಾಯಣ, ಯಾವುದೂ ಕಾಣಲಿಲ್ಲ. ಇಂಥದೊಂದು ಕತ್ತಲೆಯಲ್ಲಿ ಕುಂತು ಇಕಿ ಹಾಲಿನಂಥ ಸೀರೆ ನೇಯ್ದಳೇ ಎಂದು ನೀಲಪ್ಪ ಬೆರಗಾದ. ಬೆರಗಿನ ಹಿಂದೆಯೇ ಕೆಮ್ಮು ಬಂತು. ಕರೀ ಮುಖದೊಳಗಿಂದ ಎರಡು ಬಿಳೀ ಕಣ್ಣು ಹೊರಬಂದು ಹೇಳಿದವು: "ಲೇ ಜಾಫರ್ಯಾ, ಆ ಡಬ್ಬಿ ಬಿಚ್ಚು."

ಡಬ್ಬಿಯೊಳಗೆ ಒಂದು ಗಂಟು. ಎಣ್ಣೆ ಹೀರಿ, ಕಲ್ಲಿನ ಕೆಂಧೂಳು ಮೆತ್ತಿ, ಗಾಳಿಯ ದಾರಿಗೆ ಬಿರಡೆಯಂತೆ ಕುಂತಿತ್ತು. ಬಿಚ್ಚಿದರೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು. ಸುತ್ತಿದ ಬಟ್ಟೆಯ ಅಂಚು ಒಂದು ಕಡೆ ಇನ್ನೂ ಹಸಿರಾಗಿತ್ತು.

"ನನ್ನ ಖಣ," ಅಂದಳು ಗುರುಲಿಂಗವ್ವ.

"ದಸರಿ ಖಂಡೇಪೂಜಿ ದಿನ ಕಾಳವ್ವಗ ಉಡಿ ತುಂಬಿದ್ದೆ," ಅಂದ ನೀಲಪ್ಪ ನೆಲಕ್ಕೆ. "ದಿನಾ ದೂರ ಹೋಗೂ ಹೆಣ್ಣು, ಬರೇ ಉಡೀಲೆ ಕಳಸಬಾರದಂತ. ಬರೂ ಖಂಡೇಪೂಜಿತನಾ ಬಿಚ್ಚಬಾರದು."

"ನಿಮ್ಮ ತಂಗೀನ ನಾ ಕಳ್ಳಿ ಅಂದಾಗ?"

ನೀಲಪ್ಪ ಕೆಮ್ಮಿದ. ಈ ಸಲ ಹೊಗೆ ಇರಲಿಲ್ಲ.

ಜಾಫರಸಾಬ ಡಬ್ಬಿ ಒರೆಸಿ ಮುಚ್ಚಿ ಮತ್ತೆ ಚಾಲೂ ಮಾಡಿದ. ಕಾಳವ್ವ ಒಮ್ಮೆ ಎದೆ ತುಂಬ ಉಸಿರೆಳೆದು ಗುಡುಗಿದಳು. ಕಿಡಕಿಯ ಸರಳು ನಡುಗಿದವು. ಹೊಗೆ ಊದುಬತ್ತಿಯ ಎಳೆಯಷ್ಟು. ನೀಲಪ್ಪನ ಕಣ್ಣಲ್ಲಿ ನೀರು ಬಂತು.

"ಬಾಯಾಗ ಬಟ್ಟಿ ತುರುಕಿದ್ರೂ ಇಷ್ಟು ದಿನಾ ಗುಡ್ಡ ಹೊತ್ತಾಳಲ್ಲ," ಅಂದ.

"ಹೆಣ್ಣಿನ ಹೆಸರಿಟ್ಟೀರಲ್ಲ," ಅಂದಳು ಗುರುಲಿಂಗವ್ವ.

ಮಸಿ ಬಿದ್ದದ್ದು ಸೀರೆಯ ಒಳಚುಂಗಿಗೆ, ಉಟ್ಟರೆ ಕಾಣದು. ಆದರೆ ಮಾತಿಗೆ ತಪ್ಪುವವಳಲ್ಲ ಅವಳು. ಅಂದಿನಿಂದ ಕಾಳವ್ವನ ವಾಸ ಊರ ಹೊರಗಿನ ಕಲ್ಲಿನ ಗಣಿಯಲ್ಲಿ, ನೀಲಪ್ಪ ದಿನಾ ಅಲ್ಲಿಗೆ ನಡೆದು ಹೋಗಬೇಕು. ಅದಕ್ಕೂ ಮೊದಲು, ತೊಳೆದರೂ ಕರೀ ಆಗಿಯೇ ಉಳಿದ ಖಣ ಹಿಡಿದು ಹುನಗುಂದದ ಬಸ್ಸು ಹತ್ತಿದ, ಕಳ್ಳ ಯಾರೆಂದು ತಂಗಿಗೆ ಹೇಳಿ, ಮದುವೆಗೆ ಕರೆದು ಬರಲು. ಕಡೇ ಸೀಟು ಸಿಕ್ಕಿತ್ತು. ಬಸ್ಸಿನ ಹೊಗೆಯೆಲ್ಲ ಅವನಿಗೇ.

ಓದಿ ನಕ್ಕಿರಿ, ಸಂತೋಷ. ನಿಮ್ಮ ಬಾಗಿಲಲ್ಲೂ ಒಂದು ಗಾಡಿ ನಿಂತಿದೆ, ಅದರ ಹಿಂದೆ ಯಾರದೋ ಕಿಡಕಿ ಇದೆ. ನಾಳೆ ಮುಂಜಾನೆ ಅದನ್ನು ಚಾಲೂ ಮಾಡಿರಿ. ಮಾಡಿ, ಕೆಳಗಿಳಿಯಿರಿ. ಹಿಂದೆ ಹೋಗಿ, ಮೂಗು ಮುಚ್ಚಿಕೊಳ್ಳದೆ ನಿಲ್ಲಿರಿ.