ಅತ್ತಿಯನ್ನ ಕಾಯಾಕ ಬಂದ ರೋಬೋಟ್

ಬಗಲಾಗ ಚೀಲ, ಕೈಯಾಗ ಟಿಕೆಟ್ ಮಷೀನು, ಕಿವಿಯಾಗ ಮನಿ ಫೋನು. ಇವತ್ತಿಗೂ ಬಸ್ಸಿನ ಕಂಡಕ್ಟರಕಿ ನಾನು. ಇಂಥಾ ಫಜೀತಿ ನನಗ ಆಗಲಾರದ ಇನ್ಯಾರಿಗೆ ಆಗಬೇಕ್ರಿ?

ಬೆಟಗೇರಿಯಾಗ ನಮ್ಮ ಮನಿ. ಹಗಲೆಲ್ಲಾ ಅತ್ತಿ ಒಬ್ಬರ ಇರತಾರ. ಹೋದ ವರ್ಷ ಬಚ್ಚಲದಾಗ ಜಾರಿ ಬಿದ್ದಾಗ ಕಳಸಾಪುರದಿಂದ ಅವರಣ್ಣ ಬಂದು, "ಇನ್ನೊಮ್ಮೆ ಬಿದ್ದರ ಸೊಸಿ ನೌಕರಿ ಬಿಟ್ಟು ಮನ್ಯಾಗ ಕುಂಡ್ರಬೇಕು" ಅಂದುಬಿಟ್ಟರು. ನಂದೂ ಅಳುಮೋರಿ, ಅತ್ತಿದೂ ಅಳುಮೋರಿ. ಅದನ್ನ ನೋಡಿ ನಾದಿನಿ ಒಂದು ರೋಬೋಟ್ ತಂದಳು. ಮೊಣಕಾಲೆತ್ತರ, ಕೆಳಗ ಗಾಲಿ, ಮ್ಯಾಲ ಒಂದ ಕಣ್ಣು. ಅತ್ತಿ ಬಿದ್ದರ ನನಗ ಫೋನ್ ಮಾಡೂದು ಅದರ ಕೆಲಸ.

೧. ಪೂಜಿ

ಹೊಸಾದು ಮನಿಗೆ ಬಂದರ ನಮ್ಮತ್ತಿ ಪೂಜಿ ಮಾಡಲಾರದ ಬಿಡತಾರೇನು? ಓಣಿ ಹೆಣ್ಮಕ್ಕಳನ್ನ ಕರೆದು ಆರತಿ ಬೆಳಗಿದರು. ಹಣಿ ಎಲ್ಲೈತಿ ಅಂತ ಹುಡುಕಿ, ಸಿಗಲಿಲ್ಲಂತ ಕಣ್ಣಿಗೇ ಕುಂಕುಮ ಬಡದರು.

"ಏನೂ ಕಾಣಿಸುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ" ಅಂತ ಅದು ಒದರಾಕ ಹತ್ತಿತು.

ಅತ್ತಿ ಕಣ್ಣಾಗ ನೀರು ತಂದರು. "ಅಯ್ಯ ಪಾಪ, ನನ್ನ ನೋಡಿಕೊಳ್ಳಾಕ ಬಂದೈತಿ, ಅದರ ಕಣ್ಣಿಗೂ ಪೊರಿ ಬಂದೈತಲ್ಲವಾ!"

೨. ನೆಲ

ಮರುದಿನ ಲಕ್ಷ್ಮೇಶ್ವರದ ಹಾದಿಯಾಗಿದ್ದೆ. ಫೋನ್ ಬಂತು: "ಅಜ್ಜಿ ನೆಲದ ಮೇಲಿದ್ದಾರೆ."

ಟಿಕೆಟ್ ಕೊಡೂದು ಬಿಟ್ಟೆ. ಬಾಜೂಮನಿಯಾಕಿಗೆ ಫೋನ್ ಮಾಡಿದರ, "ನಿಮ್ಮತ್ತಿ ಕುಂತು ರೊಟ್ಟಿ ಬಡಿಯಾಕ ಹತ್ತ್ಯಾರ" ಅಂದಳು. ಆಮ್ಯಾಲ ಶೇಂಗಾ ಒಡೆಯಾಕ ಕುಂತರು, ಮತ್ತ ಫೋನು. ಉಂಡು ಜಮಖಾನಿ ಮ್ಯಾಲ ಅಡ್ಡಾದರು, ಮತ್ತ ಫೋನು. ನೆಲಕ್ಕ ಕುಂಡ್ರೂ ಮಂದಿ ಆ ಮಷೀನಿಗೆ ಗೊತ್ತ ಇಲ್ಲ!

ಹೊಳ್ಳಿ ಬರೂವಾಗ ಶಿರಹಟ್ಟಿ ಮುಟ್ಟೂದರಾಗ ಬಸ್ಸಿನವರಿಗೆಲ್ಲಾ ಅತ್ತಿ ಚಿಂತಿ. ಟಿಕೆಟ್ ಕೇಳಾಕ ಹೋದರ ಯಜಮಾನರೊಬ್ಬರು, "ಟಿಕೆಟ್ ಇರಲಿ ತಂಗಿ, ಅತ್ತಿ ಎದ್ದರೇನು?" ಅಂದರು.

೩. ಬಿದ್ದವರು

ಕಡೀಕ ನಾದಿನಿ ಅದಕ್ಕ ಬುದ್ಧಿ ಕಲಿಸಿದಳು. ಮೊದಲ ಅತ್ತಿಯನ್ನ ಕೇಳಬೇಕು. ಅವರು "ಬಿದ್ದಿಲ್ಲ" ಅಂದರ ಸುಮ್ಮನಿರಬೇಕು.

ಒಂದಿನ ಮುಂಜಾನೆ ಮುಂಡರಗಿ ಬಸ್ ಸ್ಟ್ಯಾಂಡಿನ್ಯಾಗ ಚಾ ಕುಡಿಯಾಕ ಹತ್ತಿದ್ದೆ. ಫೋನ್ ಬಂತು, ಈ ಸಲ ಅತ್ತೀನ ಮಾತಾಡಿದರು: "ಎವ್ವಾ, ಜಲ್ದಿ ಯಾರನ್ನರ ಕಳಸು. ರೋಬೋಟ್ ಬಚ್ಚಲ ಹೊಸ್ತಿಲಕ್ಕ ಎಡವಿ ಬಿದ್ದೈತಿ, ಪಾಪ."

"ನೀವ ಎತ್ತಿ ನಿಲ್ಲಸರಿ ಅತ್ತಿ."

"ಅದನ್ನ ಎತ್ತಾಕ ನಾ ಮೊದಲ ಏಳಬೇಕಲ್ಲ!"

ಚಾ ಅಲ್ಲೇ ಇಟ್ಟೆ. ಬಾಜೂಮನಿಯಾಕಿಯನ್ನ ಓಡಿಸಿ, ನಾನೂ ಮನಿ ಮುಟ್ಟಿದೆ. ಪುಣ್ಯಾ, ಕಾಲು ಉಳುಕಿತ್ತಷ್ಟ. ಅತ್ತಿ ಬಿದ್ದಾಗ ಅದು "ಬಿದ್ದಿದ್ದೀರಾ?" ಅಂತ ಕೇಳಿತ್ತಂತ. ಇವರು "ಬಿದ್ದಿಲ್ಲ" ಅಂದಿದ್ದರಂತ. ನಂಬಿಗಿ ಬರಲಿಲ್ಲೇನೋ, ಹತ್ತಿರ ಬರಾಕ ಹೋಗಿ ಅದೂ ಬಿತ್ತು.

"ಸುಳ್ಳು ಯಾಕ ಹೇಳಿದಿರಿ?" ಅಂತ ಸಿಟ್ಟು ಮಾಡಿದೆ.

"ಬಿದ್ದೀನಿ ಅಂದರ ನಿನ್ನ ನೌಕರಿ ಬಿಡಸ್ತಾರಲ್ಲವಾ" ಅಂದರು. ಅವರ ತೊಡಿ ಮ್ಯಾಲ ತಲಿ ಇಟ್ಟು ಅತ್ತುಬಿಟ್ಟೆ.

ಸಂಜೀಕ ಖಬರ ಕೇಳಿ ಅವರಣ್ಣ ಬಂದರು. "ಮತ್ತ ಬಿದ್ದೇನು?"

"ನಾ ಎಲ್ಲಿ ಬಿದ್ದೀನಿ ಅಣ್ಣಾ? ಅದು ಬಿತ್ತು. ಎತ್ತಾಕ ಹೋಗಿ ನನ್ನ ಕಾಲು ಉಳುಕಿತು."

ಮೂಲ್ಯಾಗಿನ ರೋಬೋಟ್ ಕಣ್ಣು ಮಿಟುಕಿಸಿತು. "ಮೊದಲು ಬಿದ್ದವರು ಅಜ್ಜಿ."

ಅತ್ತಿ ಅದರ ತಲಿ ಸವರಿದರು. "ತಲಿಗೆ ಪೆಟ್ಟಾಗೈತಿ ಅಣ್ಣಾ. ಪಾಪ, ಮುಂಜಾನಿಂದ ಹಿಂಗ ಏನೇನರ ಬಡಬಡಸಾಕ ಹತ್ತೈತಿ."