ಅಣವೀರಪ್ಪನ ಆಂಪ್ಲಿಫೈಯರ್ ತನಿಖೆ

"ಪೂರ್ತಿ ತನಿಖಿ ಆಗದ ಒಂದು ಮೊಳೀನೂ ಈ ಮನಿಯೊಳಗ ಬಿಡಂಗಿಲ್ಲ! ಇದು ಆಂಪ್ಲಿಫೈಯರ್. ಹುಳ ಇದ್ರ ಅರ್ಧ ಕೊಯ್ದು ಒಗ್ಯಾಕ ಬದನಿಕಾಯಲ್ಲ!"

ಮುಂಬಯಿಯ ಆಂಟಾಪ್ ಹಿಲ್‌ನ ಒಂದೂವರೆ ಕೋಣೆಯ ಮನೆಯಲ್ಲಿ, ಎಡಗೈಯಲ್ಲಿ ಚಹಾದ ಬಸಿ ಹಿಡಿದು, ಬಲಗೈ ಮುಷ್ಟಿ ಬಿಗಿದು ಅಣವೀರಪ್ಪ ಹೀಗೆ ಘೋಷಿಸಿದಾಗ ಸಭೆಯಲ್ಲಿದ್ದವರು ಇಬ್ಬರೇ. ಒಲೆಯ ಮುಂದೆ ಹೆಂಡತಿ ಗುರುಬಾಯಿ, ಮೊಬೈಲಿನ ಮುಂದೆ ಮಗಳು ಶೀತಲ್. ಚಪ್ಪಾಳೆ ಯಾರೂ ತಟ್ಟಲಿಲ್ಲ. ಗುರುಬಾಯಿ ರೊಟ್ಟಿ ತಟ್ಟುತ್ತಿದ್ದಳು. ಅಣವೀರಪ್ಪ ಅದನ್ನೇ ಸರ್ವಾನುಮತ ಅಂದುಕೊಂಡ.

ಬೆಳಗಾದರೆ ರಸ್ತೆಯ ನಾಕಾದಲ್ಲಿ ಕೂಲಿಗೆ ನಿಲ್ಲುವ ಗೌಂಡಿ, ಬಿಗಾರಿಗಳ ಸಂಘ ಕಟ್ಟಿ ಮೂವತ್ತು ವರ್ಷ ಮೋರ್ಚಾ ಹೊರಡಿಸಿದವ ಅವನು. ಹನ್ನೆರಡು ವರ್ಷದ ಹಿಂದೆ ಸಂಘದ ಕಚೇರಿ ಮುಚ್ಚಿದಾಗ ಒಬ್ಬ ಫ್ಯಾನು ಒಯ್ದ, ಒಬ್ಬ ಕುರ್ಚಿ ಒಯ್ದ. ಅಣವೀರಪ್ಪನ ಪಾಲಿಗೆ ಬಂದದ್ದು ಎರಡು ಸಾಗವಾನಿ ಸ್ಪೀಕರ್ ಪೆಟ್ಟಿಗೆ, ಒಂದು ಕ್ಯಾಸೆಟ್ ಡೆಕ್ಕು, ಒಂದೇ ಒಂದು ಕ್ಯಾಸೆಟ್ಟು. ಆಂಪ್ಲಿಫೈಯರ್ ಎಂದೋ ಸುಟ್ಟುಹೋಗಿತ್ತು. ಆ ಕ್ಯಾಸೆಟ್ಟಿನಲ್ಲಿ ಗೆಳೆಯ ಶಾಂತಪ್ಪ ಹಲಗೆ ಬಡಿಯುತ್ತ ಹಾಡಿದ ಮೋರ್ಚಾ ಪದವಿತ್ತು: "ನಮ್ಮ ರೊಟ್ಟಿ ಎಲ್ಲೈತಿ? ಹೇಳಲೇ ಧಣಿ, ನಮ್ಮ ರೊಟ್ಟಿ ಎಲ್ಲೈತಿ?" ಆ ದನಿಗೆ ಪೊಲೀಸ್ ವ್ಯಾನು ತಾನಾಗಿಯೇ ರಿವರ್ಸ್ ಹೋಗುತ್ತಿತ್ತು ಅಂತ ಹಳಬರು ಈಗಲೂ ಹೇಳುತ್ತಾರೆ.

ಈಗ ಗಂಟಲ ಆಪರೇಶನ್ ಆಗಿ ಶಾಂತಪ್ಪನ ದನಿ ತುಕ್ಕು ಹಿಡಿದ ಶಟರಿನಂತಾಗಿದೆ. "ಸಾಯೂದ್ರೊಳಗ ನನ್ನ ಹಳೀ ದನಿ ಒಮ್ಮೆ ಕೇಳಸೋ," ಎಂದು ಫೋನಿನಲ್ಲಿ ಕೆರೆದಿದ್ದ. "ತಿಂಗಳ ಕಡೀ ರವಿವಾರ ಬಾ. ಕೇಳಸ್ತೀನಿ!" ಎಂದು ಅಣವೀರಪ್ಪ ಮಾತು ಕೊಟ್ಟುಬಿಟ್ಟ. ಮೋರ್ಚಾದವನ ಮಾತು, ತಪ್ಪಿದರೆ ಬಾಯಿ ಹೊಲಿದುಕೊಳ್ಳಬೇಕು.

ಹಾಗಾಗಿ ತನಿಖೆ ಶುರುವಾಯಿತು. ನೂರು ಹಾಳೆಯ ನೋಟ್‌ಬುಕ್ಕು, ಮೂವತ್ತೇಳು ಪ್ರಶ್ನೆ. ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರ ಅಮೋಲ್ ಎಂಬ ಬಡಪಾಯಿ ವಿಚಾರಣೆಗೆ ಸಿಕ್ಕ. ಅಣವೀರಪ್ಪ ವಾರಕ್ಕೆರಡು ಸಲ ಅವನಿಗೆ ಘೇರಾವ್ ಹಾಕಿದ. ಹಾಕಹಾಕುತ್ತ ಮುದುಕನಿಗೆ ರುಚಿ ಹತ್ತಿತು! ಓಮ್ ಎಂದರೆ ಕರೆಂಟಿಗೆ ಸ್ಪೀಕರು ಒಡ್ಡುವ ತಡೆ, ಅಂದರೆ ರಸ್ತಾ ರೋಕೋ. ತಡೆ ತೀರಾ ಕಡಿಮೆಯಾದರೆ ಆಂಪ್ಲಿಫೈಯರ್ ಮೇಲೆ ಹೊರೆ ಬಿದ್ದು, ಅದು ಕಾದು ಮಲಗಿಬಿಡುತ್ತದೆ. ರೆಕಾರ್ಡಿನ ತಟ್ಟೆಗೆ ಬೇರೆ ಕಿಂಡಿ, ಕ್ಯಾಸೆಟ್ಟಿಗೆ ಬೇರೆ ಕಿಂಡಿ. ಅದಲುಬದಲಾದರೆ ಹಾಡು ಹರಿದ ಗೋಣಿಚೀಲ. ದನಿಯನ್ನು ಹದ ಮಾಡುವ ಭಾಗ, ದನಿಗೆ ಬಲ ತುಂಬುವ ಭಾಗ ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಅದು ಇಂಟಿಗ್ರೇಟೆಡ್.

"ಅಂದ್ರ ಸಂಯುಕ್ತ ರಂಗ!" ಎಂದು ಅಣವೀರಪ್ಪ ಮನೆಗೆ ಬಂದು ಹಿಗ್ಗಿದ. ಹೆಡ್‌ಫೋನಿನ ಕಿಂಡಿಯ ಬಗ್ಗೆ ಮಾತ್ರ ಅವನಿಗೆ ತಿರಸ್ಕಾರ. "ಒಬ್ಬನ ಕುಂತು ಕೇಳೂದು? ಬೂರ್ಜ್ವಾ ತೂತು!" ಎಂದು ನೋಟ್‌ಬುಕ್ಕಿನಲ್ಲಿ ಕಾಟು ಹಾಕಿದ.

ಅಮೋಲ್ ಒಮ್ಮೆ ಕೈಮುಗಿದ. "ಕಾಕಾ, ಸ್ಪೀಕರ್ ಇಧರ್ ಲೇಕೆ ಆವೋ ನಾ. ದೋ ಮಿನಿಟ್ ಮೇ ಟೆಸ್ಟ್ ಕರ್ತಾ ಹೂಂ."

"ಲೇಕೆ ಆವೋ? ಏಕ್ ಏಕ್ ತೀಸ್ ಕಿಲೋ ಹೈ! ಹಿಲ್ತಾ ಭೀ ನಹೀ!"

ಒಂದೊಂದು ಪೆಟ್ಟಿಗೆ ಮೂವತ್ತು ಕಿಲೋ ಎಂದೊಡನೆ ಅಮೋಲನ ಹುಬ್ಬು ಹಣೆ ದಾಟಿತು. "ತೀಸ್ ಕಿಲೋ! ಫಿರ್ ತೋ ಮ್ಯಾಗ್ನೆಟ್ ಜಬರ್ದಸ್ತ್ ಹೋಗಾ!"

ಅಂದು ಅಣವೀರಪ್ಪ ಲೋಕಲ್‌ನಲ್ಲಿ ಸೀಟು ಸಿಕ್ಕರೂ ಕೂರಲಿಲ್ಲ. ಎದೆ ಅಷ್ಟು ಉಬ್ಬಿತ್ತು.

ವಿಲೆ ಪಾರ್ಲೆಯ ಕಾಲೇಜಿನಲ್ಲಿ ಡಿಪ್ಲೊಮಾ ಓದುವ ಶೀತಲ್ ಕೂಡ ಬಾಯಿ ಹಾಕಿದಳು. "ಪಪ್ಪಾ, ಕಾಲೇಜಿಂದ ಮಲ್ಟಿಮೀಟರ್ ತರ್ತೀನಿ ನಾ. ಓಮ್ ಚೆಕ್ ಮಾಡಾಕ ಏಕ್ ಮಿನಿಟ್ ಲಗೇಗಾ."

"ಚೆಕ್ ಯಾಕ? ಹಿಂದ ಲೇಬಲ್ ಮ್ಯಾಲೆ ಚೊಕ್ಕ ಬರ್ದೈತಿ, ಎಂಟು ಓಮ್!"

ಸರ್ಕಾರದ ಲಿಖಿತ ಭರವಸೆಗಳನ್ನು ಮೂವತ್ತು ವರ್ಷ ಹರಿದು ಚರಂಡಿಗೆ ಎಸೆದ ಗಂಡಸು, ಕೊನೆಗೆ ನಂಬಿದ್ದು ಒಂದು ಲೇಬಲ್ಲನ್ನು!

ಗುರುಬಾಯಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. "ಏನ್ರೀ, ಆ ಪೆಟ್ಟಿಗಿ ಸಂಬಂಧ ಒಂದ್ ಮಾತು…"

"ಗುರುಬಾಯಿ, ಇದು ಟೆಕ್ನಿಕಲ್ ಕಮಿಟಿ ವಿಷಯ. ನೀ ರೊಟ್ಟಿ ಇಲಾಖಿ ನೋಡ್ಕೊ."

"ಆ ಇಲಾಖಿ ವಿಷಯಾನ ರಿ ಇದು."

"ಆಮ್ಯಾಲೆ!"

ಅವಳು ಒಂದು ಗಳಿಗೆ ಗಂಡನ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆ ಹೋದಳು. "ಆತು. ಆಮ್ಯಾಲೇನ ಆಗ್ಲಿ."

ರವಿವಾರ ಬಂತು. ಬೊರಿವಲಿಯಿಂದ ಎರಡು ಲೋಕಲ್ ಬದಲಿಸಿ, ಇಸ್ತ್ರಿಯ ಅಂಗಿ ತೊಟ್ಟು, ಶಾಂತಪ್ಪ ಮದುವೆಗೆ ಬಂದವನಂತೆ ಸ್ಪೀಕರುಗಳ ಎದುರು ಚಾಪೆಯ ಮೇಲೆ ಕುಳಿತ. ಹೊಸ ಆಂಪ್ಲಿಫೈಯರ್ ನಡುವೆ ಮೆರೆಯುತ್ತಿತ್ತು. ಕೆಂಪಿಗೆ ಕೆಂಪು ತಂತಿ, ಕಪ್ಪಿಗೆ ಕಪ್ಪು. ಕ್ಯಾಸೆಟ್ಟಿಗೆ ಕ್ಯಾಸೆಟ್ಟಿನದೇ ಕಿಂಡಿ. ಮೂವತ್ತೇಳು ಪ್ರಶ್ನೆಗೂ ಟಿಕ್ಕು!

ಅಣವೀರಪ್ಪ ಗುಂಡಿ ಒತ್ತಿದ. ದೀಪ ಹತ್ತಿತು. ಕ್ಯಾಸೆಟ್ಟು ತಿರುಗಿತು. ಸದ್ದಿಲ್ಲ.

"ತಡೀ, ಮೊದಲ ಹಲಗಿ ಬರ್ತೈತಿ."

ಹಲಗೆ ಬರಲಿಲ್ಲ. ವಾಲ್ಯೂಮು ಅರ್ಧಕ್ಕೆ ತಿರುಗಿಸಿದ, ಮುಕ್ಕಾಲಿಗೆ ತಿರುಗಿಸಿದ, ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿದ. ಪಕ್ಕದ ಮನೆಯ ಕುಕ್ಕರು ಮಾತ್ರ ಸೀಟಿ ಹೊಡೆಯಿತು. ಶಾಂತಪ್ಪ ತಲೆ ಬಗ್ಗಿಸಿದ. "ನನ್ನ ದನಿ ಅಲ್ಲೂ ಹೋಗೇತೇನೋ, ಬಿಡೋ ಅಣವೀರಾ."

ಅಣವೀರಪ್ಪ ಅಮೋಲನಿಗೆ ಫೋನು ಹಚ್ಚಿದ. "ಕಾಕಾ, ಸಾಮ್ನೇ ಕಾ ಜಾಲಿ ನಿಕಾಲೋ," ಎಂದ ಅಮೋಲ್, "ಕೋನ್ ಹಿಲ್ತಾ ಹೈ ಕ್ಯಾ ದೇಖೋ." ಸದ್ದು ಹೊರಡಿಸುವ ಕಾಗದದ ಕೋನು ಅಲುಗುತ್ತದೋ ಇಲ್ಲವೋ ನೋಡಬೇಕಂತೆ.

"ತಡೀರಿ! ಪೂರಾ ತಗೀಬ್ಯಾಡ್ರಿ!" ಒಲೆಯ ಕಡೆಯಿಂದ ಗುರುಬಾಯಿ ಕೂಗಿದಳು.

"ಇವತ್ತ ನನ್ನ ತಡಿಯೋ ಮಗ ಯಾರೂ ಇಲ್ಲ!"

ಎಡಗಡೆಯ ಪೆಟ್ಟಿಗೆಯ ಬಟ್ಟೆಯ ಚೌಕಟ್ಟು ಕಿತ್ತ. ಹಿಂದೆ ಒಂದು ತಗಡಿನ ಬಾಗಿಲು. ಬಾಗಿಲು ಜಗ್ಗಿ ಮೇಲಕ್ಕೆತ್ತಿದ. ಝರ್ರ್! ಬಿಳಿಜೋಳ ಧಾರೆಯಾಗಿ ಸುರಿದು ಶಾಂತಪ್ಪನ ಮೊಣಕಾಲು ಮುಚ್ಚಿತು. ನಂಬಿಕೆಯಾಗದೆ ಬಲಗಡೆಯದನ್ನೂ ಎತ್ತಿದ. ತೊಗರಿಬೇಳೆ! ಎಡಕ್ಕೆ ಜೋಳ, ಬಲಕ್ಕೆ ತೊಗರಿ. ಇದಕ್ಕಿಂತ ಸ್ಪಷ್ಟವಾದ ಸ್ಟೀರಿಯೋ ಮುಂಬಯಿಯಲ್ಲಿ ಇನ್ನೊಂದಿರಲಿಲ್ಲ.

ಫೋನಿನಲ್ಲಿ ಅಮೋಲ್ ಕಾದಿದ್ದ. "ಕಾಕಾ, ಹಿಲ್ ರಹಾ ಹೈ ಕ್ಯಾ?"

"ಹಿಲ್ ನಹೀ ರಹಾ," ಎಂದ ಅಣವೀರಪ್ಪ, ಹರಿಯುತ್ತಿದ್ದ ಜೋಳ ನೋಡುತ್ತ. "ಬಹ ರಹಾ ಹೈ."

ಗುರುಬಾಯಿ ಮೊರ ಹಿಡಿದು ಬಂದು ನಿಂತಳು. "ಅವು ಮನಿಗೆ ಬಂದ ವರ್ಷಾನ ನೀವು ಹದಿನಾಲ್ಕು ದಿನ ಜೇಲಿಗೆ ಹೋಗಿದ್ರಲ್ಲ, ಆವಾಗ ಇಲಿ ಒಳಗಿನ ಕಾಗದ ತಿಂದು ಸಂಸಾರ ಹೂಡಿದ್ವು. ಒಳಗಿಂದೆಲ್ಲಾ ಗುಜರಿಯವಗ ಹಾಕಿ ತಗಡು ಹೊಡಿಸಿದೆ. ಊರಿಂದ ಬರೋ ಜ್ವಾಳ ಎಲ್ಲಿಡಬೇಕಿತ್ತು, ನಿಮ್ಮ ತಲಿ ಮ್ಯಾಲೆ?"

"ಹನ್ನೆರಡು ವರ್ಷ! ಒಂದಿನಾನೂ ಹೇಳಾಕಾಗಲಿಲ್ಲೇನು?"

"ಹೇಳಾಕ ಬಂದೆ. ಟೆಕ್ನಿಕಲ್ ಕಮಿಟಿ ಬಿಡಲಿಲ್ಲ."

ಅಷ್ಟರಲ್ಲಿ ಶೀತಲ್ ಸದ್ದಿಲ್ಲದೆ ವಾಲ್ಯೂಮು ಇಳಿಸಿ, ತನ್ನ ಹೆಡ್‌ಫೋನನ್ನು ಆ ಬೂರ್ಜ್ವಾ ತೂತಿಗೆ ಚುಚ್ಚಿ, ಶಾಂತಪ್ಪನ ಕಿವಿಗೆ ಏರಿಸಿದಳು. "ಅಂಕಲ್, ಅಬ್ ಸುನೋ."

ಶಾಂತಪ್ಪನ ಕಣ್ಣು ಗೋಲಿಯಾದವು. ಬೆರಳು ತೊಡೆಯ ಮೇಲೆ ಹಲಗೆ ಬಡಿಯತೊಡಗಿತು. ಮೊಣಕಾಲ ಮೇಲಿನ ಜೋಳ ತಾಳಕ್ಕೆ ಕುಣಿಯಿತು.

ಗುರುಬಾಯಿ ಮೊರವನ್ನು ಗಂಡನ ಕೈಗಿಟ್ಟಳು. ಟೆಕ್ನಿಕಲ್ ಕಮಿಟಿಯ ಅಧ್ಯಕ್ಷರು ಮಂಡಿಯೂರಿ, ಜೋಳವನ್ನೂ ತೊಗರಿಯನ್ನೂ ಬೇರೆ ಬೇರೆ ಆರಿಸಲು ಕುಳಿತರು.

"ನಮ್ಮ ರೊಟ್ಟಿ ಎಲ್ಲೈತಿ?" ಕಿವಿ ಮುಚ್ಚಿದ ಶಾಂತಪ್ಪ, ತಾನು ಕೂಗುತ್ತಿರುವುದು ತನಗೇ ತಿಳಿಯದೆ, ಶಟರಿನ ದನಿಯಲ್ಲಿ ಇಡೀ ಬಿಲ್ಡಿಂಗಿಗೆ ಕೇಳುವಂತೆ ಅಬ್ಬರಿಸಿದ. "ಹೇಳಲೇ ಧಣಿ, ನಮ್ಮ ರೊಟ್ಟಿ ಎಲ್ಲೈತಿ?"

ಮೂವತ್ತು ವರ್ಷದ ಚಾಳಿ. ಅಣವೀರಪ್ಪನ ಮುಷ್ಟಿ ತಾನಾಗಿಯೇ ಮೇಲೆದ್ದಿತು. ಅದರೊಳಗಿದ್ದ ಜೋಳವೆಲ್ಲ ಮತ್ತೆ ತೊಗರಿಯ ಮೇಲೆ ಉದುರಿತು.

"ಎಡಗಡೆ ಸ್ಪೀಕರಿನ್ಯಾಗ!" ಎಂದಳು ಗುರುಬಾಯಿ.