ಗ್ವಾಡಿ ಆಚೆ ಮಂಗಳ ಗ್ರಹ

ಇದನ್ನ ಯಾರ ಮುಂದೂ ಆಡಬ್ಯಾಡ ಅಂತ ಅಪ್ಪ ಒತ್ತಿ ಒತ್ತಿ ಹೇಳ್ಯಾನ. ನಾ ಹಂಗೂ ಯಾರ ಮುಂದೂ ಮಾತಾಡಾಕಿ ಅಲ್ಲ. ಆದ್ರ ಎರಡು ಮನಿಗೆ ಒಂದ ಗ್ವಾಡಿ, ಒಂದ ಡಿಶ್ ಇದ್ರ ಇಂಥಾವು ಆಗ್ತಾನ ಇರ್ತಾವ.

೧. ಒದರಾಟ

ನಾವಿರೂದು ತೆಲುಗು ಸೀಮ್ಯಾಗ, ಸನತ್‌ನಗರದಾಗ. ಡಿಶ್ ನಮ್ಮದು, ಅದರಿಂದ ಒಂದು ವೈರ್ ಬಾಜೂ ಮನಿ ಕಾಕಾನ ಟಿವಿಗೆ ಹೋಗೈತಿ. ರಿಮೋಟ್ ನಮ್ಮ ಕಡೆ. ಹಂಗಾಗಿ ನಾವು ಹಾಕಿದ್ದನ್ನ ಅವರೂ ನೋಡಬೇಕು. ಕಾಕಾ ಬೀದರ್ ಕಡೇವ್ರು, ಅಪ್ಪ ದುಡಿಯೂ ಫ್ಯಾಕ್ಟರಿಯಾಗ ಅವರಿಗೂ ಕೆಲಸ, ಮನಿಯಾಗ ಒಬ್ರ ಇರ್ತಾರ.

ನಾ ನೋಡೂ ಇಂಗ್ಲಿಷ್ ಸೀರಿಯಲ್ಲಿನಾಗ ಭೂಮಿಗೂ ಮಂಗಳಕ್ಕೂ ಯುದ್ಧ. ಕಾಕಾಗ ಇಂಗ್ಲಿಷ್ ಬರಂಗಿಲ್ಲ.

"ಯವ್ವಾ, ಈಗೇನಂದ ಅಂವ?" ಅಂತ ಗ್ವಾಡಿ ಬಡೀತಿದ್ರು.

"ಮಂಗಳಕ್ಕ ಹವಾ ಬಂದ್ ಮಾಡ್ತೀನಿ ಅಂದಾನ್ರಿ ಕಾಕಾ!" ಅಂತ ನಾ ಒದರ್ತಿದ್ದೆ.

ಅಮ್ಮ ಹಣಿ ಬಡ್ಕೊಂಡ್ಲು. "ಸಾಲ್ಯಾಗ ಬಾಯಿ ತಗಿಯಂಗಿಲ್ಲ, ಇಲ್ಲಿ ಗ್ವಾಡಿಗೆ ಯುದ್ಧ ಕಲಸ್ತಾಳ."

೨. ಕೆಟ್ಟ ಡಿಶ್

ಫ್ಯಾಕ್ಟರಿ ಮುಚ್ಚಿ ಜಾಗಾನ ಐಟಿ ಆಫೀಸ್ ಕಟ್ಟಾವ್ರಿಗೆ ಮಾರ್ತಾರಂತ ಸುದ್ದಿ ಬಂತು. ಎಲ್ಲಾರೂ ಸ್ಟ್ರೈಕ್ ಕುಂತ್ರು. ಪಗಾರ ನಿಂತಿತು, ಅಮ್ಮಗ ದಿನಾ ಗುಳಗಿ ತಪ್ಪಂಗಿಲ್ಲ. ಅಪ್ಪ ನಾಕ ದಿನ ಕುಂತು, ಎದ್ದು ಕೆಲಸಕ್ಕ ಹೋದ. ಅಂವ ಒಳಗ ಹೋಗೂದನ್ನ ಕಾಕಾ ಗೇಟಿನಾಗ ಸ್ಟ್ರೈಕ್ ಕುಂತು ನೋಡಿದ್ರಂತ.

ಅವತ್ತ ಸೀರಿಯಲ್ಲಿನಾಗೂ ಮಂಗಳದ ಗಣಿಯಾವ್ರು ಸ್ಟ್ರೈಕ್ ಮಾಡಿದ್ರು. ಅವರೊಳಗ ಒಬ್ಬಾಂವ ಸ್ಟ್ರೈಕ್ ಬಿಟ್ಟು ಭೂಮಿ ಕಡೆ ಹಾರಿದ.

"ಯವ್ವಾ, ಅವನ ಮಾರಿ ಯಾರಂಗ ಐತಿ ನೋಡು!" ಅಂದ್ರು ಕಾಕಾ.

ಅಪ್ಪ ರಿಮೋಟ್ ಕಸಕೊಂಡು ಚಾನೆಲ್ ಬದಲ್ ಮಾಡಿದ. ಹೊಟ್ಟಿ ಕರಗಿಸೂ ಬೆಲ್ಟ್ ಮಾರಾಕತ್ತಿದ್ರು. "ಡಿಶ್ ಕೆಟ್ಟೈತಿ ಅಂತ ಹೇಳು. ಖರೇ ಮಾತು ಎಲ್ಲೂ ಬಾಯಿ ಬಿಡಬ್ಯಾಡ."

ಹೇಳಿದೆ.

"ಕೆಟ್ಟ ಡಿಶ್ ಬೆಲ್ಟ್ ಮಾರ್ತೈತೇನು?" ಕಾಕಾ ಒದರಿದ್ರು. "ನಿಮ್ಮಪ್ಪಗ ಒಂದು ಕೊಡಸು, ಹೊಟ್ಟಿ ಸಲುವಾಗೇ ಹೋಗ್ಯಾನಲ್ಲ!"

ಮರುದಿನ ವೈರ್ ತುಂಡಾಗಿ ನಮ್ಮ ಅಂಗಳದಾಗ ಬಿದ್ದಿತ್ತು.

೩. ಅಲ್ಲಿ ರೇಟ್ ಎಷ್ಟು?

ಐತವಾರ ಮಧ್ಯಾಹ್ನ ಅದೇ ಕಂತು ಮತ್ತ ಹಾಕಿದ್ರು. ಪೂರಾ ನೋಡಿ, ಓಡಿಹೋಗಿ ಕಾಕಾನ ಬಾಗಲಾ ಬಡದೆ. ಅವರ ಚಪ್ಪಲ್ ಹೊರಗ ಇದ್ವು.

"ಕಾಕಾ, ನಾನ್ರಿ. ತಗೀರಿ, ಕತಿ ಹೇಳ್ತೀನಿ."

ಬಾಗಲಾ ಸಂದಿಗೆ ಬಾಯಿ ಹಚ್ಚಿದೆ.

"ಭೂಮಿಗೆ ಹಾರಿದಾಂವ ಮಗಳಿಗೆ ಹವಾ ಸಾಲ್ದ ಹೋಗಿದ್ನಂತ್ರಿ!" ಅಂತ ಒದರಿದೆ. ತರಕಾರಿ ಬಂಡಿ ತೆಲುಗು ಅಮ್ಮ ನಿಂತ್ಲು. ಮ್ಯಾಲಿನ ಮನಿ ಉರ್ದು ಮಾತಾಡೂ ಚಿಚ್ಚಾ ಬಾಲ್ಕನಿಗೆ ಬಂದ್ರು. ಎಲ್ಲಾರೂ ನನ್ನ ನೋಡಾಕತ್ತಿದ್ರು, ಆದ್ರೂ ಬಿಡ್ಲಿಲ್ಲ. "ವಾಪಸ್ ಮಂಗಳಕ್ಕ ಬಂದಾನ್ರಿ! ದೋಸ್ತ ಅವನ್ನ ಒಳಗ ಕರಕೊಂಡಾನ್ರಿ ಕಾಕಾ!"

"ಮಂಗಳ ಎಕ್ಕಡಮ್ಮಾ?" ಬಂಡಿ ಅಮ್ಮ ಕೇಳಿದ್ಲು. ಎಲ್ಲೈತಿ, ಕೊಂಡಾಪುರ ದಾಟಿ ಹೋಗಬೇಕೇನು ಅಂತ.

ಹ್ಞೂಂ, ಭಾಳ ದೂರ ಅಂದೆ.

ಚಿಚ್ಚಾ ಮ್ಯಾಲಿಂದ ಬಗ್ಗಿದ್ರು. "ಉಧರ್ ಪ್ಲಾಟ್ ಕಾ ರೇಟ್ ಕ್ಯಾ ಚಲ್‌ರಾ ಬೇಟಾ?"

ಓಣಿ ಮಂದಿಯೆಲ್ಲಾ ನಕ್ಕರು. ನನಗೂ ನಗು ಬಂತು. ಕಾಕಾನೂ ನಗಾಕತ್ತಾರೇನೋ ಅಂತ ಬಾಗಲಿಗೆ ಕಿವಿ ಹಚ್ಚಿದೆ. ಮತ್ತೊಮ್ಮೆ ಬಡದೆ.

ಕಾಕಾ ಒಳಗ ಇದ್ದೂ ಬಾಗಲಾ ತಗೀಲಿಲ್ಲ.